ಗುಳ್ಳೆಯ ಸ್ವರ ಕೇಳಿ ಗಾತ್ರ ಹೇಳಿದವರು

ಹೋದ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ, ಒಂದು ಬೆಳಗ್ಗೆ ಹಾಲು ಕರೆಯುವಾಗ ಅಮ್ಮನ ಬಲಗೈ ಸ್ವಾಧೀನ ತಪ್ಪಿತು. ಚೆಂಬು ಉರುಳಿದ ಸದ್ದಿಗೆ ಅಪ್ಪ ಕೊಟ್ಟಿಗೆಗೆ ಓಡಿ ಬಂದು ನೋಡಿದರೆ ಮಾತು ತೊದಲುತ್ತಿತ್ತಂತೆ. ಅರ್ಧ ಗಂಟೆಯಲ್ಲಿ ಎಲ್ಲಾ ಸರಿಹೋಯ್ತು. ಅಮ್ಮ ಎದ್ದು ಕಾಫಿ ಮಾಡಿಕೊಂಡು ಕುಡಿದಳು. ನನಗೆ ಫೋನ್ ಬಂದಿದ್ದು ಸಂಜೆಗೆ, ಅದೂ "ಸುಮ್ನೆ ಹೇಳಣ ಅಂತ ಮಾಡ್ದೆ" ಅನ್ನೋ ಧಾಟಿಯಲ್ಲಿ. ಮಾರನೇ ದಿನವೇ ಹೋಗಿ ಬೆಂಗಳೂರಿಗೆ ಕರಕೊಂಡು ಬಂದೆ. ತಲೆಯ ಸ್ಕ್ಯಾನಿನಲ್ಲಿ ಸಣ್ಣದೊಂದು ಸ್ಟ್ರೋಕ್ ಆಗಿದ್ದು ಕಂಡಿತು. ಅಮ್ಮನಿಗೆ 52 ವರ್ಷ. ಬಿ.ಪಿ. ಇಲ್ಲ, ಶುಗರ್ ಇಲ್ಲ. ಹಾಗಾದರೆ ಯಾಕೆ ಆಯ್ತು?

"ಹೃದಯದಲ್ಲಿ ಸಣ್ಣ ತೂತು ಇರಬಹುದು, ಬಬಲ್ ಟೆಸ್ಟ್ ಮಾಡಿ ನೋಡೋಣ" ಅಂದರು ಡಾಕ್ಟರು.

ಆ ಟೆಸ್ಟ್ ಹೇಗಿರುತ್ತೆ ಅಂತ ನನಗೂ ಗೊತ್ತಿರಲಿಲ್ಲ. ನರ್ಸ್ ಎರಡು ಸಿರಿಂಜ್‌ಗಳನ್ನು ಒಂದಕ್ಕೊಂದು ಜೋಡಿಸಿದರು. ಒಳಗೆ ಸುಮಾರು 9 ಮಿ.ಲೀ. ಉಪ್ಪುನೀರು, ಅಂದರೆ ಸಲೈನ್, ಜೊತೆಗೆ 1 ಮಿ.ಲೀ. ಗಾಳಿ. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಜೋರಾಗಿ ತಳ್ಳಿ ತಳ್ಳಿ ಕಲಕಿದರು. ಮಜ್ಜಿಗೆ ಕಡೆದ ಹಾಗೆ ನೀರೆಲ್ಲಾ ಬೆಳ್ಳಗಾಯ್ತು. ಆ ನೊರೆ ನೀರನ್ನು ಅಮ್ಮನ ತೋಳಿನ ರಕ್ತನಾಳಕ್ಕೆ ಚುಚ್ಚಿದರು. ಇಂಜೆಕ್ಷನ್ನಲ್ಲಿ ಒಂದು ಗುಳ್ಳೆ ಗಾಳಿ ಹೋದ್ರೂ ಜೀವಕ್ಕೇ ಅಪಾಯ ಅಂತ ಊರಲ್ಲಿ ಕೇಳಿಕೊಂಡು ಬೆಳೆದವನು ನಾನು. ಎದೆ ಧಸಕ್ಕೆಂದಿತು.

ಪರದೆಯ ಮೇಲೆ ಅಮ್ಮನ ಹೃದಯ ಬಡಿಯುತ್ತಿತ್ತು. ಬಲಭಾಗದ ಕೋಣೆಗಳು ಕಪ್ಪಗಿದ್ದವು. ಇದ್ದಕ್ಕಿದ್ದ ಹಾಗೆ ಅಲ್ಲಿಗೆ ಬೆಳ್ಳಿ ಪುಡಿ ಎರಚಿದಂತೆ ಸಾವಿರಾರು ಚುಕ್ಕಿ ನುಗ್ಗಿ ಬಂದವು. "ಅಮ್ಮಾ, ಉಸಿರು ಕಟ್ಟಿ ತಿಣುಕಿ... ಹಾಂ, ಈಗ ಬಿಡಿ" ಅಂದರು ಡಾಕ್ಟರು. ಎಡಭಾಗದ ಕೋಣೆಯ ಮೇಲೆ ಕಣ್ಣಿಟ್ಟು ಬಡಿತ ಎಣಿಸತೊಡಗಿದರು. ಒಂದು, ಎರಡು, ಮೂರು...

ಮುಂದೇನಾಯ್ತು ಅಂತ ಕೊನೆಗೆ ಹೇಳ್ತೀನಿ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕ ಗುಳ್ಳೆ, ಅದೂ ಎದೆಗೂಡಿನೊಳಗೆ, ರಕ್ತದೊಳಗೆ. ಅದು ಶಬ್ದಕ್ಕೆ ಅಷ್ಟು ಸ್ಪಷ್ಟವಾಗಿ ಕಂಡಿದ್ದು ಹೇಗೆ? ಓದುತ್ತಾ ಹೋದೆ. ಆ ಓದು ನನ್ನನ್ನು ಹಿಂದಕ್ಕೆ ಹಿಂದಕ್ಕೆ ಎಳೆದುಕೊಂಡು ಹೋಗಿ ನಿಲ್ಲಿಸಿದ್ದು 1933ರ ಹಾಲೆಂಡಿನಲ್ಲಿ, ಹರಿಯೋ ನೀರಿನ ಸದ್ದು ಕೇಳುತ್ತಾ ನಿಂತ ಒಬ್ಬ ಮನುಷ್ಯನ ಪಕ್ಕದಲ್ಲಿ.

ಮೊದಲು ಒಂದು ಪ್ರಶ್ನೆ. ಹಳ್ಳದ ನೀರು ಯಾಕೆ ಸದ್ದು ಮಾಡುತ್ತೆ? ಕಲ್ಲಿಗೆ ಬಡಿಯುತ್ತೆ, ಅದಕ್ಕೆ ಅಂತೀವಿ. ನಾನೂ ಹಾಗೇ ಅಂದುಕೊಂಡಿದ್ದೆ. ಅದು ಪೂರ್ತಿ ಸರಿಯಲ್ಲ. ನೀರು ಕಲ್ಲಿಗೆ ಬಡಿದರೂ, ನೀರಿಗೆ ನೀರು ಬಿದ್ದರೂ ಆ ಹೊಡೆತದ ಸದ್ದು ಬಹಳ ಸಣ್ಣದು. ಜುಳುಜುಳು, ಗುಳುಗುಳು ಅಂತ ನಾವು ಕೇಳೋದರಲ್ಲಿ ಹೆಚ್ಚಿನ ಪಾಲು ನೀರೊಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳದ್ದು.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಕೊಡಕ್ಕೆ ನೀರು ತುಂಬುವಾಗ ಸ್ವರ ಏರುತ್ತಾ ಹೋಗುತ್ತೆ ಅಲ್ವಾ? ಅದು ಗುಳ್ಳೆಯಿಂದ ಅಲ್ಲ. ನೀರು ಮೇಲೇರಿದಂತೆ ಕೊಡದೊಳಗಿನ ಗಾಳಿಯ ಕಂಬ ಗಿಡ್ಡವಾಗುತ್ತಾ ಬರುತ್ತೆ, ಕೊಳಲಿನ ತೂತು ಬಿಡುತ್ತಾ ಹೋದ ಹಾಗೆ. ಅದರ ಅಡಿಯಲ್ಲಿ ಬೇರೆ ಇನ್ನೊಂದು ಸದ್ದು ಇರುತ್ತೆ, ಗುಳುಗುಳು ಅನ್ನೋದು. ಅದು ಗುಳ್ಳೆಗಳದ್ದು. ನಮ್ಮ ಕಥೆ ಅದರದ್ದು.

ಈ ಸಂಗತಿ ಒಬ್ಬರಿಗೇ ಹೊಳೆದಿದ್ದಲ್ಲ. ಇಂಗ್ಲೆಂಡಿನ ಆರ್ಥರ್ ವರ್ದಿಂಗ್ಟನ್ ಎಂಬಾತ 1890ರ ದಶಕದಲ್ಲಿ ವಿದ್ಯುತ್ ಕಿಡಿಯ ಬೆಳಕಿನಲ್ಲಿ, ಹನಿ ಬಿದ್ದಾಗ ನೀರು ಹೇಗೆ ಗುಂಡಿ ಬಿದ್ದು ಕಿರೀಟದಂತೆ ಎದ್ದು ಕೂರುತ್ತೆ ಅನ್ನೋದರ ಫೋಟೋ ತೆಗೆದ. 1917ರಲ್ಲಿ ಲಾರ್ಡ್ ರೇಲಿ, ನೀರೊಳಗೆ ಒಂದು ಖಾಲಿ ಗುಳಿ ಕುಸಿದು ಮುಚ್ಚಿಕೊಂಡರೆ ಎಷ್ಟು ಒತ್ತಡ ಹುಟ್ಟುತ್ತೆ ಅಂತ ಲೆಕ್ಕ ಹಾಕಿದ. ಅವನ ಹಿಂದೆ ಇದ್ದಿದ್ದು ಹಡಗಿನವರ ತಲೆನೋವು. ವೇಗವಾಗಿ ತಿರುಗೋ ಪ್ರೊಪೆಲ್ಲರ್ ಸುತ್ತ ಗುಳ್ಳೆ ಎದ್ದು, ಅವು ಒಡೆದು ಲೋಹವನ್ನೇ ತಿಂದು ಹಾಕುತ್ತಿದ್ದವು. 1919ರ ಕ್ರಿಸ್‌ಮಸ್ ಹೊತ್ತಿಗೆ ವಿಲಿಯಂ ಬ್ರಾಗ್ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗೆ ಶಬ್ದದ ಬಗ್ಗೆ ಉಪನ್ಯಾಸ ಕೊಟ್ಟ. ಅದು ಮುಂದೆ ಪುಸ್ತಕವೂ ಆಯ್ತು. ನೀರಿನ ಸದ್ದಿನಲ್ಲಿ ಸಿಕ್ಕಿಬಿದ್ದ ಗಾಳಿಯ ಪಾತ್ರ ಇದೆ ಅನ್ನೋ ಮಾತು ಅಷ್ಟು ಹೊತ್ತಿಗೆ ಬಂದಾಗಿತ್ತು.

ಆದರೆ ಗುಳ್ಳೆ ಯಾವ ಸ್ವರದಲ್ಲಿ ಹಾಡುತ್ತೆ, ಆ ಸ್ವರಕ್ಕೂ ಗುಳ್ಳೆಯ ಗಾತ್ರಕ್ಕೂ ಏನು ಸಂಬಂಧ ಅಂತ ಲೆಕ್ಕ ಕಟ್ಟಿ ತೋರಿಸಿದವನು ಮಾರ್ಸೆಲ್ ಮಿನ್ನಾರ್ಟ್.

ಈ ಮಿನ್ನಾರ್ಟ್ ವಿಚಿತ್ರ ಮನುಷ್ಯ. 1893ರಲ್ಲಿ ಬೆಲ್ಜಿಯಂನ ಬ್ರೂಜ್ ಊರಲ್ಲಿ ಹುಟ್ಟಿದ. ಮೊದಲು ಓದಿದ್ದು ಜೀವಶಾಸ್ತ್ರ. ಘೆಂಟ್ ವಿಶ್ವವಿದ್ಯಾಲಯದಲ್ಲಿ 1914ರಲ್ಲಿ ಡಾಕ್ಟರೇಟ್ ಪಡೆದ. ಆ ಊರಿನ ಜನ ಮನೆಯಲ್ಲಿ ಆಡುತ್ತಿದ್ದದ್ದು ಡಚ್ಚಿನ ಒಂದು ರೂಪವಾದ ಫ್ಲೆಮಿಶ್, ಆದರೆ ವಿಶ್ವವಿದ್ಯಾಲಯದಲ್ಲಿ ಪಾಠ ಮಾತ್ರ ಫ್ರೆಂಚಿನಲ್ಲಿ. ನಮ್ಮ ಮಾತಿನಲ್ಲೇ ಕಲಿಸಬೇಕು ಅನ್ನೋ ಚಳವಳಿಗೆ ಮಿನ್ನಾರ್ಟ್ ಸೇರಿಕೊಂಡ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ, ಪಿಯುಸಿಯ ಮೊದಲ ದಿನ ಫಿಸಿಕ್ಸ್ ಕ್ಲಾಸಿನಲ್ಲಿ ಏನೂ ಅರ್ಥವಾಗದೆ ಕೂತಿದ್ದ ನನಗೆ ಇವನ ಸಂಕಟ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇವನು ಆರಿಸಿಕೊಂಡ ಹೊತ್ತು ಕೆಟ್ಟದಿತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನರು ಬೆಲ್ಜಿಯಂ ಹಿಡಿದರು. ಜನರನ್ನು ಒಡೆಯುವ ಲೆಕ್ಕಾಚಾರದಲ್ಲಿ 1916ರಲ್ಲಿ ಅವರೇ ಘೆಂಟ್ ವಿಶ್ವವಿದ್ಯಾಲಯವನ್ನು ಡಚ್ ಭಾಷೆಗೆ ತಿರುಗಿಸಿದರು. ಮಿನ್ನಾರ್ಟ್ ಅಲ್ಲಿ ಪಾಠ ಮಾಡಲು ಹೋದ. ಯುದ್ಧ ಮುಗಿದಾಗ ಇವನ ತಲೆಯ ಮೇಲೆ ಶತ್ರುವಿನ ಜೊತೆ ಕೈಜೋಡಿಸಿದವನು ಅನ್ನೋ ಹಣೆಪಟ್ಟಿ. ಊರು ಬಿಟ್ಟು ಓಡಬೇಕಾಯ್ತು. ಹಾಲೆಂಡಿನ ಉಟ್ರೆಕ್ಟ್‌ನಲ್ಲಿ ನೆಲೆ ನಿಂತು ಸೂರ್ಯನ ಬೆಳಕನ್ನು ಅಳೆಯುವ ವಿಜ್ಞಾನಿಯಾದ. ಬೆಲ್ಜಿಯಂ ಗೈರುಹಾಜರಿಯಲ್ಲೇ ಅವನಿಗೆ ಶಿಕ್ಷೆ ವಿಧಿಸಿತು. ಅವನು ಮಾಡಿದ್ದು ಸರಿಯೋ ತಪ್ಪೋ ಅನ್ನೋ ತೀರ್ಪು ನನ್ನ ಕೈಲಾಗಲ್ಲ. ಭಾಷೆಯ ಮೇಲಿನ ಪ್ರೀತಿ ನಿಜ, ಹಿಡಿದ ಕೈ ತಪ್ಪಾಗಿದ್ದೂ ನಿಜ.

ಹೊಟ್ಟೆಪಾಡಿಗೆ ಸೂರ್ಯ, ಆದರೆ ಮನಸ್ಸು ಮಾತ್ರ ಬಯಲಲ್ಲೇ. ಕಾಮನಬಿಲ್ಲು, ಇಬ್ಬನಿಯ ಮೇಲಿನ ಬೆಳಕು, ನೆರಳಿನ ಬಣ್ಣ, ಗಾಳಿಯ ಸದ್ದು. ತಿರುಗಾಡುವಾಗ ಕಂಡಿದ್ದನ್ನೆಲ್ಲಾ ಬರೆದಿಟ್ಟು, ಬಯಲಿನ ಭೌತಶಾಸ್ತ್ರದ ಬಗ್ಗೆ ಡಚ್ಚಿನಲ್ಲಿ ಮೂರು ಸಂಪುಟ ಹೊರತಂದ. ಬೆಳಕಿನ ಕುರಿತ ಸಂಪುಟ ಇಂಗ್ಲಿಷಿಗೂ ಹೋಗಿ ಇವತ್ತಿಗೂ ಓದಿಸಿಕೊಳ್ಳುತ್ತಿದೆ. ಗುಳ್ಳೆಯ ಸ್ವರದ ಪ್ರಬಂಧ ಬಂದಿದ್ದೂ ಇದೇ ಚಟದಿಂದ. 1933ರಲ್ಲಿ ಇಂಗ್ಲೆಂಡಿನ ಫಿಲಾಸಫಿಕಲ್ ಮ್ಯಾಗಜೀನ್ ಪತ್ರಿಕೆಯಲ್ಲಿ ಅಚ್ಚಾಯ್ತು. ಸಂಗೀತದ ಗಾಳಿಗುಳ್ಳೆಗಳು ಮತ್ತು ಹರಿವ ನೀರಿನ ಸದ್ದು ಅನ್ನೋ ಅರ್ಥದ ತಲೆಬರಹ ಅದಕ್ಕೆ.

ಅವನ ಯೋಚನೆ ಸರಳ. ಒಂದು ಸ್ಪ್ರಿಂಗಿನ ತುದಿಗೆ ಕಲ್ಲು ಕಟ್ಟಿ ಎಳೆದು ಬಿಟ್ಟರೆ ಮೇಲೆ ಕೆಳಗೆ ಆಡುತ್ತೆ. ಗಟ್ಟಿ ಸ್ಪ್ರಿಂಗ್ ಆದರೆ ಬೇಗ ಬೇಗ, ಭಾರದ ಕಲ್ಲಾದರೆ ನಿಧಾನ. ನೀರೊಳಗಿನ ಗುಳ್ಳೆಯಲ್ಲೂ ಇವೆರಡೂ ಇವೆ. ಒಳಗಿನ ಗಾಳಿ ಸ್ಪ್ರಿಂಗ್. ಒತ್ತಿದರೆ ತಿರುಗಿ ತಳ್ಳುತ್ತೆ. ಸುತ್ತಲಿನ ನೀರು ಕಲ್ಲು. ಗುಳ್ಳೆ ಹಿಗ್ಗಬೇಕಾದರೂ ಕುಗ್ಗಬೇಕಾದರೂ ಆ ನೀರನ್ನೆಲ್ಲಾ ಸರಿಸಬೇಕು. ಗುಳ್ಳೆ ಹುಟ್ಟುವ ಗಳಿಗೆಯಲ್ಲಿ ಒಂದು ಏಟು ಬೀಳುತ್ತೆ, ಅಲ್ಲಿಂದ ಅದು ಹಿಗ್ಗಿ ಕುಗ್ಗಿ ಹಿಗ್ಗಿ ಕುಗ್ಗಿ ಕೆಲವೇ ಮಿಲಿಸೆಕೆಂಡು ಹಾಡಿ ಸುಮ್ಮನಾಗುತ್ತೆ. ಗುಳ್ಳೆ ದೊಡ್ಡದಾದಷ್ಟೂ ಸರಿಸಬೇಕಾದ ನೀರು ಹೆಚ್ಚು, ಸ್ವರ ತಗ್ಗು. ಚಿಕ್ಕದಾದಷ್ಟೂ ಸ್ವರ ಕೀಚಲು.

ಲೆಕ್ಕ ಹಾಕಿದರೆ ಸಿಗೋ ಉತ್ತರ ನೆನಪಿಟ್ಟುಕೊಳ್ಳೋಕೆ ಸುಲಭ. ನೀರಿನ ಮೇಲ್ಮೈ ಹತ್ತಿರ ಇರೋ ಗಾಳಿಗುಳ್ಳೆಯ ತ್ರಿಜ್ಯವನ್ನು ಮಿಲಿಮೀಟರಿನಲ್ಲಿ ತಗೊಳ್ಳಿ. ಅದರ ಸ್ವರವನ್ನು ಕಿಲೋಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ಕಂಪಿಸುತ್ತೆ ಅನ್ನೋದರಲ್ಲಿ ತಗೊಳ್ಳಿ. ಎರಡನ್ನೂ ಗುಣಿಸಿದರೆ ಯಾವಾಗಲೂ ಸುಮಾರು 3.26 ಬರುತ್ತೆ. 1 ಮಿ.ಮೀ. ತ್ರಿಜ್ಯದ ಗುಳ್ಳೆ ಸೆಕೆಂಡಿಗೆ 3,260 ಸಲ ಕಂಪಿಸುತ್ತೆ. 3 ಮಿ.ಮೀ. ಗುಳ್ಳೆಯಾದರೆ ಸಾವಿರದ ಚಿಲ್ಲರೆ. ಕೊಳವೆಯ ಬಾಯಿಂದ ನೀರೊಳಗೆ ಗುಳ್ಳೆ ಬಿಟ್ಟು, ಅವುಗಳ ಸ್ವರ ಅಳೆದು, ಲೆಕ್ಕಕ್ಕೆ ಹೊಂದುತ್ತೆ ಅಂತ ಮಿನ್ನಾರ್ಟ್ ತೋರಿಸಿದ.

ಈ ಸೂತ್ರವನ್ನು ತಿರುಗಿಸಿ ಓದಿದರೆ ಅದೊಂದು ಅಳತೆಗೋಲು. ಸ್ವರ ಗೊತ್ತಾದರೆ ಗಾತ್ರ ಗೊತ್ತಾಯ್ತು! ನೀರು ರಾಡಿಯಾಗಿರಲಿ, ಕತ್ತಲೆ ಇರಲಿ, ಗುಳ್ಳೆ ಕಣ್ಣಿಗೆ ಬೀಳಲೇಬೇಕಾಗಿಲ್ಲ. ಆಳಕ್ಕೆ ಹೋದರೆ ಮಾತ್ರ ಸ್ವಲ್ಪ ತಿದ್ದಿಕೊಳ್ಳಬೇಕು. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾಗುತ್ತೆ, ಅದೇ ಗಾತ್ರದ ಗುಳ್ಳೆ ಅಲ್ಲಿ ಒಂದೂಕಾಲು ಪಟ್ಟಿಗಿಂತಲೂ ಏರಿದ ಸ್ವರದಲ್ಲಿ, ಸುಮಾರು 1.4 ಪಟ್ಟಿನಲ್ಲಿ ಹಾಡುತ್ತೆ.

ಹಳ್ಳದ ಪಕ್ಕ ನಿಂತು ಕೇಳಿದ ಸದ್ದಿನಿಂದ ಹುಟ್ಟಿದ ಈ ಲೆಕ್ಕಕ್ಕೆ ಆಗ ಯಾರಿಗೂ ಅವಸರ ಇರಲಿಲ್ಲ. ಅವಸರ ತಂದಿದ್ದು ಎರಡನೇ ಮಹಾಯುದ್ಧ.

ಸಮುದ್ರದಡಿಯ ಸಬ್‌ಮರೀನ್ ಹುಡುಕೋಕೆ ಇದ್ದ ಉಪಾಯ ಸೋನಾರ್. ಶಬ್ದ ಕಳಿಸಿ ಪ್ರತಿಧ್ವನಿ ಕೇಳೋದು. ಆದರೆ ಹಡಗು ಹೋದ ದಾರಿಯುದ್ದಕ್ಕೂ ಪ್ರೊಪೆಲ್ಲರ್ ಎಬ್ಬಿಸಿದ ನೊರೆ ಉಳಿಯುತ್ತೆ, ಆ ನೊರೆಯಿಂದಲೂ ಪ್ರತಿಧ್ವನಿ ಬರುತ್ತಿತ್ತು. ಅದೂ ಜೋರಾಗಿ. ಜರ್ಮನ್ ಸಬ್‌ಮರೀನಿನವರು ಇದನ್ನೇ ಆಯುಧ ಮಾಡಿಕೊಂಡರು. ಬೋಲ್ಡ್ ಅನ್ನೋ ಹೆಸರಿನ ಡಬ್ಬಿಯೊಂದನ್ನು ಹೊರಗೆ ಬಿಡೋರು. ಒಳಗೆ ಕ್ಯಾಲ್ಸಿಯಂ ಹೈಡ್ರೈಡ್. ಅದು ಸಮುದ್ರದ ನೀರಿಗೆ ತಾಗಿದ್ದೇ ಹೈಡ್ರೋಜನ್ ಗುಳ್ಳೆಗಳ ಮೋಡ ಏಳುತ್ತಿತ್ತು. ಮೇಲಿನ ಹಡಗಿನ ಸೋನಾರಿಗೆ ಅದೇ ಸಬ್‌ಮರೀನ್ ಅನ್ನಿಸಬೇಕು, ಅಷ್ಟರಲ್ಲಿ ನಿಜವಾದದ್ದು ಜಾರಿಕೊಳ್ಳಬೇಕು.

ಇಷ್ಟು ಚಿಕ್ಕ ಗುಳ್ಳೆ ಅಷ್ಟು ದೊಡ್ಡದಾಗಿ ಕಾಣೋದು ಹೇಗೆ? ಉತ್ತರ ಮಿನ್ನಾರ್ಟನ ಸೂತ್ರದಲ್ಲೇ ಇದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ಮೆಲ್ಲಗೆ ತಳ್ಳಿದರೂ ಎತ್ತರಕ್ಕೆ ಹೋಗುತ್ತೆ. ಹಾಗೇ ಗುಳ್ಳೆಯ ಸ್ವಂತ ಸ್ವರದ ಶಬ್ದವನ್ನೇ ಅದರ ಮೇಲೆ ಹಾಯಿಸಿದರೆ ಗುಳ್ಳೆ ಹುಚ್ಚೆದ್ದು ಕುಣಿಯುತ್ತೆ, ಸುತ್ತ ಎಲ್ಲಾ ಕಡೆಗೂ ಶಬ್ದ ಚೆಲ್ಲುತ್ತೆ. ಆಗ ಶಬ್ದದ ಕಣ್ಣಿಗೆ ಅದರ ವಿಸ್ತಾರ ನಿಜವಾದ ಗಾತ್ರಕ್ಕಿಂತ ನೂರಾರು ಪಟ್ಟು ದೊಡ್ಡದು. 1 ಮಿ.ಮೀ. ತ್ರಿಜ್ಯದ ಗುಳ್ಳೆ ಹಾಡುವ ಸ್ವರದ ಅಲೆ ನೀರಿನಲ್ಲಿ ಹತ್ತಿರ ಹತ್ತಿರ ಅರ್ಧ ಮೀಟರ್ ಉದ್ದ ಇರುತ್ತೆ. ಎಳ್ಳುಕಾಳಿನಂಥದ್ದೊಂದು ಅರ್ಧ ಮೀಟರಿನ ಅಲೆಯನ್ನು ತಡೆದು ಚದುರಿಸುತ್ತೆ ಅಂದರೆ ನಂಬೋದು ಕಷ್ಟ, ಆದರೂ ನಿಜ. ಅಮೆರಿಕದವರು ಯುದ್ಧಕಾಲದ ಈ ಕೆಲಸವನ್ನೆಲ್ಲಾ ಕ್ರೋಡೀಕರಿಸಿ 1946ರಲ್ಲಿ ದೊಡ್ಡ ವರದಿಯಾಗಿ ಹೊರತಂದರು. ಹಡಗಿನ ನೊರೆಯ ಗುಳ್ಳೆಗಳಿಗೇ ಅದರಲ್ಲಿ ಒಂದು ಭಾಗ ಇದೆ.

ಅದೇ ಯುದ್ಧದಲ್ಲಿ ಮಿನ್ನಾರ್ಟ್ ಎಲ್ಲಿದ್ದ? ಜೈಲಿನಲ್ಲಿ. ಮೊದಲ ಯುದ್ಧದಲ್ಲಿ ಜರ್ಮನರ ಕಡೆಯವನು ಅನ್ನಿಸಿಕೊಂಡಿದ್ದವನು ಈಗ ನಾಜಿಗಳ ವಿರೋಧಿ. 1942ರಲ್ಲಿ ಅವನನ್ನು ಹಿಡಿದು ಸಿಂಟ್ ಮಿಖಿಲ್ಸ್‌ಗೆಸ್ಟಲ್ ಎಂಬಲ್ಲಿದ್ದ ಒತ್ತೆಯಾಳುಗಳ ಶಿಬಿರಕ್ಕೆ ಹಾಕಿದರು. ಸುಮಾರು ಎರಡು ವರ್ಷ ಅಲ್ಲೇ. ಒಳಗೆ ಕೂತು ಜೊತೆಯ ಕೈದಿಗಳಿಗೆ ಭೌತಶಾಸ್ತ್ರ, ಖಗೋಳಶಾಸ್ತ್ರದ ಪಾಠ ಹೇಳಿದ. ಹೊರಗೆ ಸಮುದ್ರದಲ್ಲಿ ಎರಡೂ ಕಡೆಯವರು ಹೊಡೆದಾಡುವಾಗ ಬಳಸಿಕೊಂಡಿದ್ದು ಅವನು ಕೇಳಿಸಿಕೊಂಡಿದ್ದ ಗುಳ್ಳೆಯ ಗುಣವನ್ನೇ.

ಯುದ್ಧ ಮುಗಿದ ಮೇಲೆ ಸಮುದ್ರ ಓದುವವರು ಇದನ್ನು ಕೈಗೆತ್ತಿಕೊಂಡರು. ಅಲೆ ಒಡೆದಾಗ ಗಾಳಿ ಗುಳ್ಳೆಗಳಾಗಿ ನೀರೊಳಗೆ ಹೋಗುತ್ತೆ, ಕರಗುತ್ತೆ. ಸಮುದ್ರ ಉಸಿರಾಡುವ ದಾರಿಗಳಲ್ಲಿ ಇದೂ ಒಂದು. ಎಷ್ಟು ಗುಳ್ಳೆ, ಯಾವ್ಯಾವ ಗಾತ್ರದ್ದು ಅಂತ ಲೆಕ್ಕ ಬೇಕು. ಕ್ಯಾಮೆರಾಗೆ ಸಿಗದಷ್ಟು ಚಿಕ್ಕವು ಬೇಕಾದಷ್ಟಿವೆ. ಅಮೆರಿಕದ ಮಾಂಟೆರೇಯಲ್ಲಿದ್ದ ಹರ್ಮನ್ ಮೆಡ್ವಿನ್ 1970ರ ಹೊತ್ತಿಗೆ ಸಮುದ್ರದೊಳಕ್ಕೇ ಉಪಕರಣ ಇಳಿಸಿ, ಬೇರೆ ಬೇರೆ ಸ್ವರದ ಶಬ್ದ ಹಾಯಿಸಿ, ಯಾವ ಸ್ವರ ಎಷ್ಟು ಕುಗ್ಗುತ್ತೆ ಅಂತ ಅಳೆದು ಗುಳ್ಳೆಗಳ ಎಣಿಕೆ ಮಾಡಿದರು. ಒಂದು ಸ್ವರ ಹೆಚ್ಚು ಮಾಯವಾಯ್ತು ಅಂದರೆ ಆ ಸ್ವರಕ್ಕೆ ಕುಣಿಯೋ ಗಾತ್ರದ ಗುಳ್ಳೆ ಅಲ್ಲಿ ಹೆಚ್ಚಿವೆ ಅಂತ ಅರ್ಥ.

ಮಳೆಯದ್ದೂ ಇದೇ ಕಥೆ. ಸಣ್ಣ ಹನಿ ಮಳೆ ನೀರಿನ ಮೇಲೆ ಬೀಳುವಾಗ ನೀರಡಿಯಲ್ಲಿ ಮೈಕ್ ಇಟ್ಟರೆ 14 ಕಿಲೋಹರ್ಟ್ಜ್ ಆಸುಪಾಸು ಒಂದು ಜೋರು ಸದ್ದು ಕೇಳಿಸುತ್ತೆ. 1980ರ ದಶಕದಲ್ಲಿ ಪಂಫ್ರಿ, ಕ್ರಮ್ ಮತ್ತು ಜೊತೆಗಾರರು ಕಾರಣ ತೋರಿಸಿಕೊಟ್ಟರು. ಒಂದು ಅಳತೆಯ ಹನಿಗಳು ಬಿದ್ದಾಗಲೆಲ್ಲಾ ತಪ್ಪದೆ ಒಂದು ಪುಟಾಣಿ ಗುಳ್ಳೆಯನ್ನು ನೀರೊಳಗೆ ಬಿಟ್ಟು ಹೋಗುತ್ತವೆ. ನಮ್ಮ ಅಳತೆಗೋಲು ಹಿಡಿಯಿರಿ. 3.26ನ್ನು 14ರಿಂದ ಭಾಗಿಸಿದರೆ ಕಾಲು ಮಿ.ಮೀ.ಗೂ ಸ್ವಲ್ಪ ಕಡಿಮೆ. ಗುಳ್ಳೆಯ ತ್ರಿಜ್ಯ ಅಷ್ಟೇ. ಬಾತ್‌ರೂಮಿನ ನಲ್ಲಿ ತೊಟ್ಟಿಕ್ಕುವ ಟಪ್ ಟಪ್ ಸದ್ದನ್ನು ಕೇಂಬ್ರಿಡ್ಜಿನವರು 2018ರಲ್ಲಿ ಹೈಸ್ಪೀಡ್ ಕ್ಯಾಮೆರಾ ಹಿಡಿದು ಬಿಡಿಸಿದರು. ಅಲ್ಲೂ ಹನಿಯ ಹೊಡೆತಕ್ಕೆ ಸದ್ದಿಲ್ಲ, ಸದ್ದು ಒಳಗೆ ಸಿಕ್ಕ ಗುಳ್ಳೆಯದ್ದು. ಬಕೆಟ್ಟಿನ ನೀರಿಗೆ ಸ್ವಲ್ಪ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದರೆ ಗುಳ್ಳೆ ಸಿಕ್ಕಿಕೊಳ್ಳಲ್ಲ, ಟಪ್ ಟಪ್ ನಿಲ್ಲುತ್ತೆ. ಮನೆಯಲ್ಲೇ ಮಾಡಿ ನೋಡಿ, ನಾನು ಮಾಡಿದ್ದೀನಿ.

ಇನ್ನು ರಕ್ತಕ್ಕೆ ಬರೋಣ.

ಜೀವ ಇರುವ ಮೈಯೊಳಗೆ ಗುಳ್ಳೆ ಏಳಬಹುದು ಅಂತ ಮೊದಲು ಕಂಡವನು ರಾಬರ್ಟ್ ಬಾಯ್ಲ್. ಗಾಳಿ ತೆಗೆದ ಪಾತ್ರೆಯೊಳಗೆ ಇಟ್ಟ ವಿಷದ ಹಾವೊಂದರ ಕಣ್ಣಿನಲ್ಲಿ ಗುಳ್ಳೆಯೊಂದು ಅತ್ತಿತ್ತ ಓಡಾಡಿದ್ದನ್ನು 1670ರಲ್ಲಿ ಬರೆದ. ಇನ್ನೂರು ವರ್ಷದ ಮೇಲೆ ಅದು ಮನುಷ್ಯರನ್ನು ಕಾಡತೊಡಗಿತು. ನದಿಯ ತಳಕ್ಕೆ ಇಳಿಸಿದ ಪೆಟ್ಟಿಗೆಯಂಥ ಕೋಣೆಯೊಳಗೆ ಒತ್ತಡದ ಗಾಳಿ ತುಂಬಿಸಿ, ಸೇತುವೆಯ ಬುನಾದಿ ಅಗೆಯುತ್ತಿದ್ದ ಕೂಲಿಗಳು ಮೇಲೆ ಬಂದ ಮೇಲೆ ಕೀಲು ನೋವಿನಿಂದ ಒದ್ದಾಡಿದರು, ಲಕ್ವ ಹೊಡೆದು ಬಿದ್ದರು. 1870ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಸೇತುವೆಯಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಬ್ರೂಕ್ಲಿನ್ ಸೇತುವೆಯ ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಹಾಸಿಗೆ ಹಿಡಿದ. ಒತ್ತಡ ಇಳಿದಾಗ ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗಿ ಏಳೋದೇ ಕಾರಣ ಅಂತ 1878ರಲ್ಲಿ ಫ್ರಾನ್ಸಿನ ಪಾಲ್ ಬೆರ್ ಸಾಧಿಸಿ ತೋರಿಸಿದ. 1908ರಲ್ಲಿ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ಮಾಡಿ, ಮುಳುಗುಗಾರರು ನಿಂತು ನಿಂತು ಮೇಲೆ ಬರಬೇಕಾದ ವೇಳಾಪಟ್ಟಿ ಕೊಟ್ಟ.

ಆದರೆ ಆ ಗುಳ್ಳೆಗಳನ್ನು ಬದುಕಿರುವ ಮನುಷ್ಯನಲ್ಲಿ ಯಾರೂ ಕಂಡಿರಲಿಲ್ಲ. ಅವು ಸಿಕ್ಕಿದ್ದು ಶಬ್ದಕ್ಕೆ. 1960ರ ದಶಕದ ಕೊನೆ, 70ರ ದಶಕದ ಶುರು. ಅಮೆರಿಕದ ಸಿಯಾಟಲ್‌ನ ಮೆರಿಲ್ ಸ್ಪೆನ್ಸರ್ ಮತ್ತಿತರರು ಮುಳುಗಿ ಬಂದವರ ಎದೆಯ ಮೇಲೆ ಡಾಪ್ಲರ್ ಅಲ್ಟ್ರಾಸೌಂಡ್ ಇಟ್ಟು ಕಿವಿಗೊಟ್ಟರು. ರಕ್ತ ಹರಿಯುವ ಸುಯ್ ಸದ್ದಿನ ನಡುವೆ ಚಿಟ್, ಚಿಟ್ ಅಂತ ಗುಳ್ಳೆಗಳು ಹಾದು ಹೋಗುತ್ತಿದ್ದವು. ಯಾವ ನೋವೂ ಇಲ್ಲದೆ ಆರಾಮಾಗಿದ್ದವರಲ್ಲೂ! ಆ ಸದ್ದನ್ನು ಕೇಳಿ 0ಯಿಂದ 4ರವರೆಗೆ ಅಂಕ ಕೊಡುವ ಪದ್ಧತಿ ಬಂತು. ಅಂಕ ಕೊಡುತ್ತಿದ್ದದ್ದು ಯಂತ್ರ ಅಲ್ಲ, ಪಳಗಿದ ಕಿವಿ. ಮಿನ್ನಾರ್ಟ್ ಹಳ್ಳಕ್ಕೆ ಕೊಟ್ಟ ಕಿವಿಯನ್ನೇ ಇವರು ರಕ್ತಕ್ಕೆ ಕೊಟ್ಟಿದ್ದರು.

ಅದೇ ಕಾಲದಲ್ಲಿ ಹೃದಯದ ಡಾಕ್ಟರುಗಳಿಗೆ ಒಂದು ಅಚ್ಚರಿ ಎದುರಾಗಿತ್ತು. ಅಲ್ಟ್ರಾಸೌಂಡ್ ನೋಡುತ್ತಾ ಹೃದಯಕ್ಕೆ ಹಸಿರು ಬಣ್ಣದ ಒಂದು ದ್ರವ ಚುಚ್ಚಿದರೆ ಇದ್ದಕ್ಕಿದ್ದಂತೆ ಪ್ರತಿಧ್ವನಿಯ ಮೋಡ ಏಳುತ್ತಿತ್ತು. ಗ್ರಾಮಿಯಾಕ್ ಮತ್ತು ಶಾ 1968ರಲ್ಲಿ ಇದನ್ನು ಪ್ರಕಟಿಸಿದರು. ಕಾರಣ ಬಣ್ಣ ಅಲ್ಲ, ಜೊತೆಗೆ ಹೋಗುತ್ತಿದ್ದ ಚಿಕ್ಕ ಚಿಕ್ಕ ಗುಳ್ಳೆಗಳು ಅನ್ನೋದು ಆಮೇಲೆ ಸ್ಪಷ್ಟವಾಯ್ತು. ಬಣ್ಣ ಬಿಟ್ಟರು, ಗುಳ್ಳೆ ಉಳಿಸಿಕೊಂಡರು. ನಮ್ಮಮ್ಮನ ತೋಳಿಗೆ ಚುಚ್ಚಿದ ಕಡೆದ ಸಲೈನ್ ಆ ವಂಶದ್ದು.

ಇಲ್ಲಿ ಸೂತ್ರದ ಒಂದು ಚಂದದ ಕಾಕತಾಳೀಯ ಇದೆ. ಶ್ವಾಸಕೋಶದ ಅತಿ ಸಣ್ಣ ರಕ್ತನಾಳ ದಾಟಬೇಕಾದರೆ ಗುಳ್ಳೆ ಕೆಂಪು ರಕ್ತಕಣಕ್ಕಿಂತ ದೊಡ್ಡದಿರಬಾರದು. ಅಂದರೆ ತ್ರಿಜ್ಯ ಒಂದೆರಡು ಮೈಕ್ರೋಮೀಟರ್, ಮಿಲಿಮೀಟರಿನ ಸಾವಿರದಲ್ಲಿ ಒಂದೋ ಎರಡೋ ಪಾಲು. ಅಷ್ಟು ಚಿಕ್ಕ ಗುಳ್ಳೆ ಯಾವ ಸ್ವರಕ್ಕೆ ಕುಣಿಯುತ್ತೆ? ಸೂತ್ರ ಹೇಳೋದು ಕೆಲವು ಮೆಗಾಹರ್ಟ್ಜ್. ಆಸ್ಪತ್ರೆಯ ಅಲ್ಟ್ರಾಸೌಂಡ್ ಯಂತ್ರಗಳು ಕೆಲಸ ಮಾಡೋದೂ ಸರಿಯಾಗಿ ಅಲ್ಲೇ! ಯಾರೂ ಹೊಂದಿಸಿ ಇಟ್ಟಿದ್ದಲ್ಲ. ಈಗ ತೆಳು ಚಿಪ್ಪಿನೊಳಗೆ ಅನಿಲ ತುಂಬಿ ಇಂಥ ಗುಳ್ಳೆಗಳನ್ನು ಔಷಧಿಯಂತೆಯೇ ತಯಾರಿಸುತ್ತಾರೆ. ಚಿಪ್ಪಿನ ಬಿಗಿತ, ನೀರಿನ ಮೇಲ್ಮೈ ಸೆಳೆತ ಎರಡೂ ಸ್ವರವನ್ನು ಸ್ವಲ್ಪ ಏರಿಸುತ್ತವೆ, ಅಷ್ಟೇ.

ಹಾಗಂತ ಈ ಅಳತೆಗೋಲು ಎಲ್ಲವನ್ನೂ ಹೇಳಿಬಿಡಲ್ಲ. ಒಂಟಿ ಗುಳ್ಳೆ ಹಾಡಿದರೆ ಗಾತ್ರ ಹೇಳೋದು ಸುಲಭ. ಸಾವಿರ ಗುಳ್ಳೆ ಒಟ್ಟಿಗೆ ಇದ್ದರೆ? ನಾವು ಹೊರಗಿನಿಂದ ಕಳಿಸಿದ ಒಂದೇ ಸ್ವರಕ್ಕೆ, ಲಯಕ್ಕೆ ಕುಣಿಯೋ ಚಿಕ್ಕ ಗುಳ್ಳೆ ಎಷ್ಟು ಪ್ರತಿಧ್ವನಿ ಕೊಡುತ್ತೋ, ಸುಮ್ಮನೆ ಅಡ್ಡ ನಿಂತ ದೊಡ್ಡ ಗುಳ್ಳೆಯೂ ಅಷ್ಟೇ ಕೊಡಬಹುದು. ಪ್ರತಿಧ್ವನಿ ಒಂದೇ, ಕಾರಣ ಎರಡು. ನನ್ನ ಕೆಲಸದಲ್ಲಿ ಇದು ದಿನದ ಗೋಳು. ಲಾಗಿನಲ್ಲಿ ಕಾಣೋ ಎರರ್ ಒಂದೇ, ಅದನ್ನು ಹುಟ್ಟಿಸಬಹುದಾದ ಬಗ್ ಹತ್ತು.

ಇದಕ್ಕೆ 1984ರಲ್ಲಿ ನ್ಯೂಹೌಸ್ ಮತ್ತು ಶಂಕರ್ ಒಂದು ಜಾಣ ದಾರಿ ಪ್ರಕಟಿಸಿದರು. ಒಂದರ ಬದಲು ಎರಡು ಸ್ವರ ಕಳಿಸಿ. ಒಂದು ತೀರಾ ಎತ್ತರದ್ದು, ಬದಲಾಗದ್ದು. ಇನ್ನೊಂದು ಕೆಳಗಿನದ್ದು, ಅದನ್ನು ಮೆಲ್ಲಗೆ ಬದಲಿಸುತ್ತಾ ಹೋಗಿ. ಕೆಳಗಿನ ಸ್ವರ ಗುಳ್ಳೆಯ ಸ್ವಂತ ಸ್ವರಕ್ಕೆ ಕೂಡಿಬಂದಾಗ ಅದು ಎಷ್ಟು ಹಿಗ್ಗಿ ಕುಗ್ಗುತ್ತೆ ಅಂದರೆ ಎರಡೂ ಸ್ವರಗಳನ್ನು ಬೆರೆಸಿ, ಅವುಗಳ ಮೊತ್ತ ಮತ್ತು ವ್ಯತ್ಯಾಸದ ಹೊಸ ಸ್ವರಗಳನ್ನು ಹೊರಡಿಸುತ್ತೆ. ಸುಮ್ಮನೆ ಅಡ್ಡ ನಿಂತ ದೊಡ್ಡ ಗುಳ್ಳೆ ಹಾಗೆ ಬೆರೆಸಲ್ಲ. ಹೊಸ ಸ್ವರ ಕೇಳಿಸಿತು ಅಂದರೆ ಆ ಗಾತ್ರದ ಗುಳ್ಳೆ ನಿಜವಾಗಿ ಅಲ್ಲಿದೆ ಅಂತ. ಅಂದರೆ ಬರೀ ಕೇಳಿಸಿಕೊಂಡರೆ ಸಾಲದು, ಸರಿಯಾದ ಪ್ರಶ್ನೆ ಕೇಳಿ ಕೇಳಿಸಿಕೊಳ್ಳಬೇಕು.

ಈಗ ಅಮ್ಮನ ಪರದೆಗೆ ವಾಪಸ್ ಬರ್ತೀನಿ. ಅವತ್ತಿನ ಟೆಸ್ಟಿನಲ್ಲಿ ಯಾರೂ ಗುಳ್ಳೆಯ ಗಾತ್ರ ಅಳೆಯುತ್ತಿರಲಿಲ್ಲ. ಗಾತ್ರದ ಕೆಲಸವನ್ನು ದೇಹವೇ ಮಾಡುತ್ತೆ. ಕಡೆದ ಸಲೈನಿನ ಗುಳ್ಳೆಗಳು ದಪ್ಪ, ಶ್ವಾಸಕೋಶದ ಜರಡಿ ದಾಟಲ್ಲ, ಅಲ್ಲೇ ಕರಗಿ ಹೋಗುತ್ತವೆ. ಹಾಗಾಗಿ ಹೃದಯದ ಎಡಭಾಗದಲ್ಲಿ ಗುಳ್ಳೆ ಕಾಣಬಾರದು. ಮೂರು ಬಡಿತದೊಳಗೆ ಕಂಡರೆ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಕಳ್ಳದಾರಿ ಇದೆ. ಗುಳ್ಳೆ ದಾಟಿದ ದಾರಿಯಲ್ಲಿ ರಕ್ತದ ಹೆಪ್ಪೂ ದಾಟಿ ಮಿದುಳಿಗೆ ಹೋಗಬಹುದು.

ತಿಣುಕಿ ಉಸಿರು ಬಿಟ್ಟ ಮೇಲೆ, ಎರಡನೇ ಬಡಿತಕ್ಕೆ, ಎಡಗಡೆಯ ಕತ್ತಲೆಯಲ್ಲಿ ಐದಾರು ಚುಕ್ಕಿ ಕಂಡವು. ನಾನೂ ಕಂಡೆ. ಡಾಕ್ಟರು ಏನೂ ಹೇಳದೆ ಇನ್ನೊಂದು ಸಲ ಮಾಡಿಸಿದರು. ಮತ್ತೆ ಐದಾರು.

ಆಮೇಲೆ ಕೂರಿಸಿಕೊಂಡು ಹೇಳಿದರು. ತಾಯಿಯ ಹೊಟ್ಟೆಯಲ್ಲಿದ್ದಾಗ ಎಲ್ಲರಿಗೂ ಇರುವ ಕಿಟಕಿ ಅದು. ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕು, ನಾಲ್ಕು ಜನರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರಲ್ಲ. ಹೆಚ್ಚಿನವರಿಗೆ ಅದರಿಂದ ಜೀವನಪೂರ್ತಿ ಏನೂ ಆಗಲ್ಲ. "ದಾರಿ ಇದೆ ಅಂತ ಗೊತ್ತಾಯ್ತು. ಸ್ಟ್ರೋಕ್ ಆಗಿದ್ದು ಅದೇ ದಾರಿಯಿಂದ ಅಂತ ಖಡಾಖಂಡಿತ ಹೇಳೋಕಾಗಲ್ಲ. ನಿಮ್ಮದು ಸಣ್ಣದು. ಸದ್ಯಕ್ಕೆ ಮಾತ್ರೆ ತಗೊಳ್ಳಿ, ನೋಡ್ತಾ ಇರೋಣ" ಅಂದರು. ನನಗೆ ಪೂರ್ತಿ ಸಮಾಧಾನ ಆಗಲಿಲ್ಲ. ಪ್ರತಿಧ್ವನಿ ಒಂದೇ, ಕಾರಣ ಎರಡು. ಆದರೆ ಏನೂ ಗೊತ್ತಿಲ್ಲದ ಭಯಕ್ಕೂ ಇಷ್ಟು ಗೊತ್ತಿರೋ ಭಯಕ್ಕೂ ವ್ಯತ್ಯಾಸ ಇದೆ.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರೇ, ಆ ನೊರೆ ಎಲ್ಲಾ ಹೊರಗೆ ಹೋಯ್ತಾ?"

ಊರಿಗೆ ಬಿಟ್ಟು ಬರೋಕೆ ಹೋದಾಗ ಎರಡು ರಾತ್ರಿ ಉಳಿದೆ. ನಮ್ಮದು ಹೊಸನಗರ ಕಡೆಯ ಊರು, ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ಇಳಿದು ಬರುವ ಅಬ್ಬಿ ನೀರು ಇನ್ನೂ ಹಿತ್ತಲಿನ ತೊಟ್ಟಿಗೆ ಬೀಳುತ್ತೆ. ಎರಡನೇ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಮ್ಮ ಒಳಗಿನಿಂದ ಕೂಗಿದಳು. "ನೀರಿನ ಸದ್ದು ಸಣ್ಣ ಆಯ್ತು ನೋಡು ಮಾರಾಯ, ದಬ್ಬೆಗೆ ಏನೋ ಸಿಕ್ಕಿದೆ."

ನನಗೆ ಯಾವ ವ್ಯತ್ಯಾಸವೂ ಕೇಳಿಸಿರಲಿಲ್ಲ. ಟಾರ್ಚ್ ಹಿಡಿದು ಹೋದೆ. ದಬ್ಬೆಯ ಬಾಯಿಗೆ ಹಲಸಿನ ಎಲೆಯೊಂದು ಅಡ್ಡ ಕೂತಿತ್ತು. ತೆಗೆದೆ. ಧಾರೆ ದಪ್ಪವಾಯ್ತು, ತೊಟ್ಟಿಯೊಳಗೆ ದೊಡ್ಡ ಗುಳ್ಳೆಗಳು ಏಳತೊಡಗಿದವು, ಸದ್ದು ತಗ್ಗಿ ಗುಡುಗುಡು ಅಂತ ತುಂಬಿಕೊಂಡಿತು. ಈಗ ನನಗೂ ಕೇಳಿಸಿತು.

ಒಳಗೆ ಬರುವಷ್ಟರಲ್ಲಿ ಅಮ್ಮ ನಿದ್ದೆ ಹೋಗಿದ್ದಳು. ಮಾತ್ರೆ ತಗೊಂಡಿದ್ದಾಳೋ ಇಲ್ಲವೋ ಅಂತ ಸ್ಟ್ರಿಪ್ ನೋಡಿದೆ. ತಗೊಂಡಿದ್ದಳು.